ಕಾರವಾರದಲ್ಲಿ ಬಾಡಿಗೆ ಮನೆ, ಬ್ಯಾಟರಿ ಕಾರಿಗೆ ಚಾರ್ಜಿಂಗ್: ಅಡ್ವಾನ್ಸ್ ಕೊಡುವ ಮುಂಚೆ ಏನೇನು ನೋಡಬೇಕು?

ಅಂಕೋಲೆ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಅಂಕೋಲೆಯ ಶಾಲೆಯೊಂದರಲ್ಲಿ ನಾನು ಅಕ್ಕೋರು. ಯಜಮಾನರಿಗೆ ಕಾರವಾರಕ್ಕೆ ವರ್ಗವಾಗಿದೆ, ಮಗಳ ಕಾಲೇಜೂ ಅಲ್ಲೇ. ಹಾಗಾಗಿ ಮನೆ ಕಾರವಾರದಲ್ಲಿ, ದಿನದ ಓಡಾಟ ನನ್ನದು. ಹೋಗಿ ಬಂದು 66 ಕಿಲೋಮೀಟರ್. ಹೋದ ವರ್ಷ ಬ್ಯಾಟರಿ ಕಾರು ತಗೊಂಡೆವು, 24 ಕಿಲೋವಾಟ್ ಅವರ್ (ಅಂದರೆ 24 ಯೂನಿಟ್ ಕರೆಂಟು ಹಿಡಿಯುವ) ಬ್ಯಾಟರಿಯದು. ಇಷ್ಟು ದಿನ ಇದ್ದದ್ದು ಸ್ವಂತ ಮನೆ. ಅಂಗಳದಲ್ಲೇ ಪ್ಲಗ್ ಇತ್ತು, ರಾತ್ರಿ ಸಿಗಿಸಿದರೆ ಬೆಳಿಗ್ಗೆ ತುಂಬಿರುತ್ತಿತ್ತು.

ಮೂರು ವಾರದಿಂದ ಬಾಡಿಗೆ ಮನೆ ಹುಡುಕ್ತಾ ಇದ್ದೇನೆ. ಕೋಡಿಬಾಗದ ಒಂದು ಫ್ಲ್ಯಾಟಿನ ಜಾಹೀರಾತಿನಲ್ಲಿ ಇವಿ ಚಾರ್ಜಿಂಗ್ ಇದೆ ಅಂತ ಬರೆದಿದ್ದರು. ಹೋಗಿ ನೋಡಿದರೆ ನೀರಿನ ಪಂಪಿನ ಪಕ್ಕ ಒಂದು 5 ಆಂಪಿಯರ್ ಪ್ಲಗ್, ಅದೂ ಕಾಮನ್ ಮೀಟರಿನದು, ಅದರ ಮುಂದೆ ಯಾರದೋ ಬೈಕು. ಹಬ್ಬುವಾಡದಲ್ಲಿ ಓನರ್ ಒಪ್ಪಿದರು, ಆದರೆ ಚಾರ್ಜಿಂಗಿಗೆ ಅಂತ ತಿಂಗಳಿಗೆ 3,000 ರೂಪಾಯಿ ಬೇರೆ ಕೊಡಿ ಅಂದರು. ಕಾಜುಬಾಗದಲ್ಲಿ ನೋಡಿದ ಮನೆ ನನಗೆ ತುಂಬಾ ಹಿಡಿಸಿತು. ಕೆಳಗೆ ವಯಸ್ಸಾದ ದಂಪತಿ ಇರ್ತಾರೆ, ಮೇಲಿನದು ಬಾಡಿಗೆಗೆ. ಕಾರಿನ ಸುದ್ದಿ ಎತ್ತುತ್ತಿದ್ದ ಹಾಗೆ ಅಜ್ಜನ ಮುಖ ಸಣ್ಣಗಾಯ್ತು. "ಅದಕ್ಕೆ ಬೆಂಕಿ ಹತ್ತುತ್ತದಂತಲ್ಲ ಮಗಾ, ನಮಗೆ ಹೆದರಿಕೆ" ಅಂದರು. ನಾಲ್ಕನೆಯದು ಎರಡನೇ ಮಹಡಿ, ಪಾರ್ಕಿಂಗ್ ರಸ್ತೆಯಲ್ಲೇ.

ಬಾಡಿಗೆ ಮನೆಯಲ್ಲಿದ್ದು ಕಾರು ಚಾರ್ಜ್ ಮಾಡ್ತಿರುವವರು ದಯವಿಟ್ಟು ಹೇಳಿ. ಏನು ಕೇಳಬೇಕು, ಏನು ನೋಡಬೇಕು? ಅಜ್ಜನ ಹೆದರಿಕೆಗೆ ಎಂತ ಉತ್ತರ ಕೊಡಲಿ?

ಕೋಡಿಬಾಗ ಮೂರನೇ ಮಹಡಿ

ಅಕ್ಕೋರೆ, ಆ ನಾಲ್ಕನೇ ಮನೆಯನ್ನು ಈಗಲೇ ಬಿಟ್ಟುಬಿಡಿ. ನಾನು ಮಾಡಿದ ತಪ್ಪು ನೀವು ಮಾಡುವುದು ಬೇಡ.

ನನಗೂ ಪಾರ್ಕಿಂಗಿನಲ್ಲಿ ಪ್ಲಗ್ ಇರಲಿಲ್ಲ. ಬಾಲ್ಕನಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಟ್ಟು ನಾಲ್ಕು ತಿಂಗಳು ಚಾರ್ಜ್ ಮಾಡಿದೆ. ಜುಲೈ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಸುಟ್ಟ ವಾಸನೆ ಬಂದು ಎಚ್ಚರಾಯ್ತು. ಮೇನ್ ಸ್ವಿಚ್ ಇಳಿಸಿ ಟಾರ್ಚ್ ಹಾಕಿ ನೋಡಿದರೆ ಪ್ಲಗ್ಗಿನ ಒಂದು ಪಿನ್ನು ಕಾಫಿಪುಡಿ ಬಣ್ಣ. ಅದರ ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದು ಸಾಕೆಟ್ಟಿಗೇ ಅಂಟಿಕೊಂಡಿತ್ತು. ಎಳೆದರೂ ಬರಲಿಲ್ಲ. ಗೋಡೆಯ ಆಚೆ ಬದಿಗೆ ನನ್ನ ಮಗನ ಹಾಸಿಗೆ. ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ ನನಗೆ.

ಆಮೇಲೆ ತಿಳೀತು, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ 2019ರಲ್ಲೇ ಇವಿ ಚಾರ್ಜಿಂಗಿನ ಭಾಗ ಸೇರಿಸಿದ್ದಾರೆ. ಎಕ್ಸ್‌ಟೆನ್ಶನ್ ಬಳಸಲೇಬಾರದು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು. ಕಾರು ನಿಂತಾಗ ಅದರ ಚಾರ್ಜಿಂಗ್ ಬಾಯಿ ಪಾಯಿಂಟಿನಿಂದ 5 ಮೀಟರ್ ಒಳಗೆ ಬರಬೇಕು. ಮನೆ ನೋಡಲು ಹೋಗುವಾಗ ಒಂದು ಟೇಪು ಹಿಡ್ಕೊಂಡು ಹೋಗಿ.

ಶಿರಸಿ ವೈರ್‌ಮನ್

ಮೇಲಿನವರು ಬರೆದದ್ದು ಓದಿ ಎದೆ ಝಲ್ ಅಂತು. ಇಂಥ ಸುಟ್ಟ ಸಾಕೆಟ್ ನನ್ನ ಚೀಲದಲ್ಲೇ ಮೂರು ಇವೆ, ಗಿರಾಕಿಗಳಿಗೆ ತೋರಿಸಲಿಕ್ಕೆ ಇಟ್ಟುಕೊಂಡಿದ್ದೇನೆ.

ಗೀಸರ್ ಓಡ್ತದಲ್ಲ, ಕಾರು ಯಾಕೆ ಆಗೋದಿಲ್ಲ ಅಂತ ಬಹಳ ಜನ ಕೇಳ್ತಾರೆ. ಗೀಸರ್ ಹತ್ತು-ಹದಿನೈದು ನಿಮಿಷಕ್ಕೆ ಕಟ್ ಆಗ್ತದೆ, ವೈರು ತಣಿಯಲಿಕ್ಕೆ ಸಮಯ ಸಿಗ್ತದೆ. ಕಾರು ಹಾಗಲ್ಲ. ಜೊತೆಗೆ ಕೊಡುವ ಚಾರ್ಜರನ್ನು 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಸುಮಾರು 3 ಕಿಲೋವಾಟ್ ಎಳೀತದೆ, ಖಾಲಿಯಿಂದ ತುಂಬಿಸುವಾಗ ಅದೂ ಎಂಟು-ಒಂಬತ್ತು ತಾಸು ಒಂದೇ ಸಮ. ಎಲ್ಲಿ ಸ್ಕ್ರೂ ಸಡಿಲ ಇದೆಯೋ ಅಲ್ಲಿ ಬಿಸಿಯಾಗ್ತದೆ, ಬಿಸಿಯಾದ ಹಾಗೆ ಇನ್ನೂ ಸಡಿಲ ಆಗ್ತದೆ. ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂರ್ತದೆ, ಅದು ಇನ್ನೊಂದು ಕಾರಣ.

ನಾನು ಹಾಕಿಕೊಡೋದು ಹೀಗೆ. ನಿಮ್ಮ ಮನೆಯ ಮೀಟರ್ ಬೋರ್ಡಿನಿಂದ ನೇರವಾಗಿ ನಿಮ್ಮ ಪಾರ್ಕಿಂಗಿಗೆ ಪ್ರತ್ಯೇಕ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ್ದು, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಅದಕ್ಕೇ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ಕಟ್ ಆಗುವ ಸ್ವಿಚ್), ಒಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಟ್ ಆಗುವ ಸ್ವಿಚ್). ಕೊನೆಯಲ್ಲಿ ನೀರು ಹೋಗದ ಮುಚ್ಚಳದ ಡಬ್ಬಿಯೊಳಗೆ ಇಂಡಸ್ಟ್ರಿಯಲ್ ಸಾಕೆಟ್. ಅಡುಗೆಮನೆಯ ಲೈನಿಗೆ ಕೊಂಡಿ ಹಾಕಿ ಕೆಲಸ ಮುಗಿಸುವವರನ್ನು ಬರಮಾಡಿಕೊಳ್ಳಬೇಡಿ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಫಜೀತಿ ಇದರದ್ದೇ. ನಮ್ಮದು ಚಿರೇಕಲ್ಲಿನ ನೆಲ, ನೀರು ಇಂಗಿ ಕೆಳಗೆ ಹೋಗ್ತದೆ, ತೇವ ನಿಲ್ಲೋದಿಲ್ಲ. ಆಗಸ್ಟಿನಲ್ಲಿ ಗಟ್ಟಿ ಇದ್ದ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಕೈಕೊಡ್ತದೆ. ಮನುಷ್ಯನಿಗೆ ಗೊತ್ತಾಗದಿದ್ದರೂ ಕಾರಿನ ಚಾರ್ಜರಿಗೆ ಗೊತ್ತಾಗ್ತದೆ, ಕೆಂಪು ದೀಪ ಹಾಕಿ ಕೂತುಬಿಡ್ತದೆ. ಆಗ ಕೆಲವರು ಎಂತ ಮಾಡ್ತಾರೆ ಅಂದರೆ, ಸಾಕೆಟ್ಟಿನ ಒಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೆ (ಕರೆಂಟು ಮರಳುವ ತಂತಿಗೆ) ಒಂದು ತುಂಡು ವೈರಿನಿಂದ ಸೇರಿಸ್ತಾರೆ. ದೀಪ ಹಸಿರಾಗ್ತದೆ, ಇನ್ನೂರು ರೂಪಾಯಿ ತಗೊಂಡು ಹೋಗ್ತಾರೆ. ಮಾರಾಯ್ರೆ, ಮುಂದೆ ಮಳೆಗೆ ಎಲ್ಲಾದರೂ ಆ ನ್ಯೂಟ್ರಲ್ ತುಂಡಾದರೆ ಕಾರಿನ ಮೈಗೇ ಕರೆಂಟು ಬರ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದ ಮಗುವಿನ ಗತಿ ಯೋಚನೆ ಮಾಡಿ. ಯಾರೇ ಹೇಳಿದರೂ ಇದಕ್ಕೆ ಒಪ್ಪಬೇಡಿ. ಇದ್ದಿಲು, ಉಪ್ಪು ಹಾಕಿ ಸರಿಯಾದ ಅರ್ಥ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯಿರಿ.

ಅಕ್ಕೋರೆ, ಮನೆ ನೋಡಲು ಹೋಗುವಾಗ ನಿಮ್ಮ ಚಾರ್ಜರನ್ನು ಕಾರಿನಲ್ಲೇ ಇಟ್ಟುಕೊಂಡು ಹೋಗಿ. ಆ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ ಎರಡು ನಿಮಿಷ ದೀಪ ನೋಡಿ. ಗೊತ್ತಿರುವ ವೈರ್‌ಮನ್ ಜೊತೆಗಿದ್ದರೆ ವೋಲ್ಟ್ ಅಳೆಯುವ ಮೀಟರ್ ಹಿಡಿಸಿ. ಫೇಸಿನಿಂದ (ಕರೆಂಟು ಬರುವ ತಂತಿಯಿಂದ) ನ್ಯೂಟ್ರಲ್ಲಿಗೆ ಎಷ್ಟು ವೋಲ್ಟ್ ಇದೆಯೋ ಫೇಸಿನಿಂದ ಅರ್ಥಿಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಇದ್ದರೆ ಅಡ್ಡಿಲ್ಲ. ಇಪ್ಪತ್ತು-ಮೂವತ್ತು ತೋರಿಸಿದರೆ ಮೊದಲು ಅರ್ಥಿಂಗ್ ರಿಪೇರಿ, ಆಮೇಲೆ ಬಾಡಿಗೆ ಮಾತು. ಪೂರಾ ಸೊನ್ನೆ ತೋರಿಸಿದರೂ ಸಾಕೆಟ್ ಬಿಚ್ಚಿಸಿ ನೋಡಿ, ಆ ತುಂಡು ವೈರು ಒಳಗೆ ಇರಬಹುದು.

ಭಟ್ಕಳ ಕಡೆಯವ

ನನ್ನದು ಸ್ಕೂಟರ್, 3 ಕಿಲೋವಾಟ್ ಅವರ್ ಬ್ಯಾಟರಿ. ಅದಕ್ಕೆ 5 ಆಂಪಿಯರ್ ಪ್ಲಗ್ ಸಾಕು, ಇಷ್ಟು ತಲೆಬಿಸಿ ಇಲ್ಲ. ಒಂದೇ ಮಾತು ಹೇಳಲಿಕ್ಕೆ ಉಂಟು: ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಚಾರ್ಜ್ ಮಾಡಬೇಡಿ. ಏನಾದರೂ ಆದರೆ ಮೇಲಿನವರು ಇಳಿದು ಬರುವ ದಾರಿಯೇ ಅದು.

ಅಂಕೋಲೆ ಅಕ್ಕೋರು

ವೈರ್‌ಮನ್ ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಒಂದು ಸಂಶಯ. ಬಾಡಿಗೆದಾರರು ಮನೆ ಮೀಟರಿನಿಂದ ಕಾರು ಚಾರ್ಜ್ ಮಾಡಲು ಹೆಸ್ಕಾಂನಿಂದ ಏನಾದರೂ ಪರವಾನಗಿ ಬೇಕಾ? ಹಬ್ಬುವಾಡದ ಓನರ್ ಹಾಗೆ ಹೇಳಿದರು, 3,000ದ ಲೆಕ್ಕವನ್ನೂ ಅದರ ಮೇಲೇ ಹಾಕಿದರು.

ಕೈಗಾ ರಸ್ತೆ

ಬೇಡ. ಇರುವ ಸಂಪರ್ಕದಿಂದಲೇ ಮನೆಯಲ್ಲಿ, ಆಫೀಸಿನಲ್ಲಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ನೋಡಬೇಕಾದದ್ದು ಮಂಜೂರಾದ ಲೋಡ್ ಎಷ್ಟು ಅಂತ. ಕರೆಂಟ್ ಬಿಲ್ಲಿನ ಮೇಲೇ ಬರೆದಿರುತ್ತದೆ. ಹಳೇ ಮನೆಗಳಲ್ಲಿ 1 ಅಥವಾ 2 ಕಿಲೋವಾಟ್ ಇರುತ್ತದೆ. ಕಾರೇ 3 ಎಳೆಯುವಾಗ ಅದು ಸಾಲದು, ಓನರ್ ಕಡೆಯಿಂದ ಅರ್ಜಿ ಹಾಕಿಸಿ ಲೋಡ್ ಏರಿಸಬೇಕು. ಏರಿಸಿದರೆ ನಿಗದಿತ ಶುಲ್ಕವೂ ಏರುತ್ತದೆ, ಅದನ್ನು ನೀವು ಕೊಡುವುದು ನ್ಯಾಯ.

3,000ದ ಲೆಕ್ಕ ನೋಡೋಣ. ದಿನಕ್ಕೆ 66 ಕಿಲೋಮೀಟರ್, ತಿಂಗಳಿಗೆ 24 ದಿನ, ಒಟ್ಟು 1,584. ಚಾರ್ಜಿಂಗಿನಲ್ಲಿ ಸೋರುವುದನ್ನೂ ಸೇರಿಸಿ ಯೂನಿಟ್ಟಿಗೆ ಏಳೂವರೆ ಕಿಲೋಮೀಟರ್ ಹಿಡಿದರೆ 211 ಯೂನಿಟ್. 2024ರ ಏಪ್ರಿಲ್ ದರಪಟ್ಟಿಯಲ್ಲಿ ಮನೆಯ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ಇತ್ತು. ಲೆಕ್ಕಕ್ಕೆ ಆರು ರೂಪಾಯಿ ಹಿಡಿಯಿರಿ, 1,266 ಆಯ್ತು. ತೆರಿಗೆ, ಶುಲ್ಕ ಅಂತ ಇನ್ನೊಂದಿಷ್ಟು ಸೇರಿಸಿದರೂ ಅವರು ಕೇಳಿದ್ದರ ಹತ್ತಿರಕ್ಕೂ ಬರುವುದಿಲ್ಲ. ನಿಮ್ಮ ಮೀಟರು, ನಿಮ್ಮ ಬಿಲ್ಲು ಅಂದಮೇಲೆ ಬೇರೆ ದುಡ್ಡು ಯಾತಕ್ಕೆ ಅಂತ ನೇರವಾಗಿ ಕೇಳಿ.

ಆದರೆ ಇದರಲ್ಲಿ ಇನ್ನೊಂದು ಗಂಟು ಇದೆ. ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ದಾಟಿದ ಭಾಗಕ್ಕೆ ಮಾತ್ರ ಅಲ್ಲ. 200ರ ಒಳಗಿದ್ದರೂ ಆ ಮನೆಯ 2022-23ರ ಸರಾಸರಿಯ ಮೇಲೆ ಸಾಮಾನ್ಯವಾಗಿ ಶೇಕಡಾ ಹತ್ತರಷ್ಟು ಸೇರಿಸಿ ಮಿತಿ ಇಟ್ಟಿದ್ದಾರೆ. ನಿಮ್ಮ ಮನೆಬಳಕೆ 110 ಅಂತ ಇಟ್ಟುಕೊಳ್ಳಿ. ಕಾರೂ ಅದೇ ಮೀಟರಿನಲ್ಲಾದರೆ 321. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಅಷ್ಟಕ್ಕೂ ಬಿಲ್ಲು ಬರುತ್ತದೆ. ಬಾಡಿಗೆದಾರರಿಗೂ ಆ ಯೋಜನೆ ಇದೆ, ಹಿಂದಿನವರ ಹೆಸರನ್ನು ಆ ಮೀಟರಿನ ಆರ್‌ಆರ್ ನಂಬರಿನಿಂದ ತೆಗೆಸಿ ನಿಮ್ಮದು ಸೇರಿಸಬೇಕು. ಆದರೆ ಕಾರು ಬಂದ ತಿಂಗಳಿಂದ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಇದಕ್ಕೆ ದಾರಿ ಎಂದರೆ ಕಾರಿಗೇ ಬೇರೆ ಮೀಟರು. 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂತು. ಇವಿ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಈಗ ಗ್ರಾಹಕರಿಗಿದೆ. ಹೊಸ ಸಂಪರ್ಕ ಕೊಡಲು ನಗರಸಭೆ, ಪುರಸಭೆ ಇರುವ ಊರಿನಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದ ಗಡುವು, ಹೊಸದಾಗಿ ಕಂಬ ನೆಟ್ಟು ಲೈನ್ ಎಳೆಯುವ ಕೆಲಸ ಇಲ್ಲದಿದ್ದರೆ. ನಮ್ಮ ರಾಜ್ಯದಲ್ಲಿ ಇವಿಗೆ ದರದ ವರ್ಗವೂ ಬೇರೆಯೇ. ಓನರ್ ಒಪ್ಪಿಗೆ ಪತ್ರ ಕೊಟ್ಟರೆ ಆಗುವ ಕೆಲಸ. ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಬೇಡ, ಮೂರು-ನಾಲ್ಕು ವರ್ಷ ಇರುವವರಿಗೆ ಅಡ್ಡಿಲ್ಲ.

ಕಾಜುಬಾಗ ಮನೆಮಾಲೀಕ

ಬಾಡಿಗೆದಾರರೇ ಬರೀತಾ ಇದ್ದೀರಿ. ಓನರ್ ಕಡೆಯ ಮಾತೂ ಸ್ವಲ್ಪ ಕೇಳಿ.

ನನ್ನದು ನಾಲ್ಕು ಮನೆಯ ಕಟ್ಟಡ. ಎರಡು ವರ್ಷದ ಹಿಂದೆ ಒಬ್ಬರು ಬ್ಯಾಟರಿ ಕಾರು ತಂದರು. ಪಾಪ, ಒಳ್ಳೆಯ ಜನ. ಮೆಟ್ಟಿಲ ದೀಪದ ಮೀಟರಿನಿಂದಲೇ ಚಾರ್ಜ್ ಮಾಡಿಕೊಳ್ಳಿ ಅಂದುಬಿಟ್ಟೆ. ಮೂರನೇ ತಿಂಗಳು ಬಿಲ್ಲು ನೋಡಿ ಉಳಿದ ಮೂರೂ ಮನೆಯವರು ನನ್ನ ಬಾಗಿಲಿಗೆ ಬಂದರು. ಅಷ್ಟು ವರ್ಷ ಒಟ್ಟಿಗೆ ಗಣಪತಿ ಹಬ್ಬ ಮಾಡಿದವರು ಮುಖ ಕೊಟ್ಟು ಮಾತಾಡದ ಹಾಗಾಯ್ತು. ತಪ್ಪು ನನ್ನದೇ. ಹಾಗಾಗಿ ಕಾಮನ್ ಮೀಟರಿನಿಂದ ಕೊಡ್ತೇನೆ ಅನ್ನುವ ಓನರ್ ಎಷ್ಟೇ ಒಳ್ಳೆಯವರಾದರೂ ನೀವೇ ಬೇಡ ಅನ್ನಿ.

ನಮಗೆ ಬೇಕಾದದ್ದು ನಾಲ್ಕು ಸಾಲು ಬರಹ. ಲೈನು ಯಾರ ಖರ್ಚು, ಬಿಡುವಾಗ ಅದು ಯಾರದು, ಗೋಡೆ ಕೊರೆದ ತೂತು ಮುಚ್ಚಿಸುವವರು ಯಾರು, ಕೆಲಸ ಮಾಡಿದ ಲೈಸೆನ್ಸಿನ ಕಂತ್ರಾಟುದಾರರ ಬಿಲ್ಲು ನಮ್ಮ ಕೈಗೆ ಬರ್ತದಾ. 11 ತಿಂಗಳ ಕರಾರುಪತ್ರದಲ್ಲಿ ಇಷ್ಟು ಸೇರಿಸಿದರೆ ನಾನಂತೂ ಇಲ್ಲ ಅನ್ನೋದಿಲ್ಲ. ಬಾಯಿಮಾತಿಗೆ ಒಪ್ಪಿದ ಓನರು ನಾಳೆ ಮನೆ ಮಾರಿದರೆ ಹೊಸಬರು ಪ್ಲಗ್ ಕೀಳಿಸಿದರೂ ನೀವು ಕೇಳುವ ಹಾಗಿಲ್ಲ.

ಹಬ್ಬುವಾಡ ಕಾರ್ಯದರ್ಶಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಆರು ಕಾರು, ಅದರಲ್ಲಿ ಎರಡು ಬಾಡಿಗೆದಾರರದ್ದು. ಒಬ್ಬೊಬ್ಬರೂ ಅವರವರ ಮೀಟರಿನಿಂದ ಲೈನ್ ಎಳೆದುಕೊಂಡಿದ್ದಾರೆ. ಮೊದಲನೆಯವರು ಗೋಡೆಯ ಮೇಲೆ ಹೇಗೆ ಬೇಕೋ ಹಾಗೆ ಎಳೆದರು, ಎರಡನೆಯವರೂ ಹಾಗೇ. ಮೂರನೆಯವರು ಬರುವಷ್ಟರಲ್ಲಿ ಎಲ್ಲರೂ ಕೂತು ಮಾತಾಡಿ ಒಂದೇ ಟ್ರೇ ಹಾಕಿಸಿದೆವು. ಕಬ್ಬಿಣದ ಕ್ಲಾಂಪ್ ಹಾಕಿದ್ದು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ಉದುರಿತು, ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿಸಿ.

ಅಕ್ಕೋರೆ, ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡದ ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್) ಇರುವ ಕಟ್ಟಡ ನೋಡುವಾಗ ಕಂಬಗಳ ಬುಡ ನೋಡಿ. ಸುಣ್ಣದ ಮೇಲೆ ಮಣ್ಣಿನ ಗೆರೆ ಇದ್ದರೆ ಮಳೆಗಾಲದಲ್ಲಿ ಅಲ್ಲಿಯವರೆಗೆ ನೀರು ನಿಂತಿದೆ ಅಂತ ಅರ್ಥ. ಹೊಸದಾಗಿ ಬಣ್ಣ ಹೊಡೆದಿದ್ದರೆ ಪಕ್ಕದ ಅಂಗಡಿಯವರನ್ನು ಕೇಳಿ. ನಿಮ್ಮ ಪಾರ್ಕಿಂಗಿನ ನಂಬರ್ ಕರಾರಿನಲ್ಲಿ ಬರೆಸುವುದನ್ನು ಮರೀಬೇಡಿ, ಲೈನ್ ಹಾಕಿಸಿದ ಮೇಲೆ ಜಾಗ ಬದಲಾದರೆ ಖರ್ಚೆಲ್ಲ ನೀರುಪಾಲು.

ಯಲ್ಲಾಪುರ ನಾಕಾ

ಶಿರಸಿಯಲ್ಲಿ ಬಾಡಿಗೆ ಮನೆ ಹುಡುಕುವವರೂ ಇದನ್ನು ಓದ್ತಿರಬಹುದು, ಅದಕ್ಕೆ ಬರೀತೇನೆ. ಇಲ್ಲಿ ಜೂನ್-ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಒಂದಿಡೀ ದಿನ ಕರೆಂಟು ಇರೋದಿಲ್ಲ, ಊರಿನಿಂದ ಹೊರಗಿದ್ದರೆ ಎರಡು ದಿನವೂ ಆಗ್ತದೆ. ಹಾಗಾಗಿ ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡೋದಿಲ್ಲ ನಾನು.

ಇನ್ನೊಂದು, ದೇವಿಮನೆ ಘಟ್ಟ. ಕುಮಟೆಯಿಂದ ಹತ್ತುವಾಗ ನನ್ನ ಕಾರು ಎರಡೂವರೆ-ಮೂರು ಯೂನಿಟ್ ಹೆಚ್ಚು ತಿನ್ನುತ್ತದೆ. ಇಳಿಯುವಾಗ ಸ್ವಲ್ಪ ಮರಳಿ ಕೊಡ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಮರಳಿ ಬರುವ ಕರೆಂಟಿಗೆ ಜಾಗ ಇರೋದಿಲ್ಲ, ಮೋಟಾರಿನ ಹಿಡಿತ ಕಮ್ಮಿಯಾಗಿ ಎಲ್ಲಾ ಭಾರ ಬ್ರೇಕಿನ ಮೇಲೆ ಬೀಳ್ತದೆ. ಬೆಳಿಗ್ಗೆ ಘಟ್ಟ ಇಳಿಯೋದಿದ್ದರೆ ಚಾರ್ಜನ್ನು ಶೇಕಡಾ 90ಕ್ಕೆ ನಿಲ್ಲಿಸಿ.

ಶಿರಸಿ ವೈರ್‌ಮನ್

ಅಜ್ಜನ ಹೆದರಿಕೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ ಹೆದರಿಕೆ ಸುಳ್ಳು ಅನ್ನಬೇಡಿ. 2022ರ ಬೇಸಿಗೆಯಲ್ಲಿ ದೇಶದ ಬೇರೆ ಬೇರೆ ಕಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದದ್ದು ನಿಜ. ಅದರ ನಂತರವೇ ಬ್ಯಾಟರಿಯ ಸುರಕ್ಷತೆಯ ಎಐಎಸ್-156, ಎಐಎಸ್-038 ಮಾನದಂಡಗಳನ್ನು 2022ರ ಡಿಸೆಂಬರಿನಿಂದ ಬಿಗಿ ಮಾಡಿದರು. ಈಗಿನ ಬಹಳಷ್ಟು ಕಾರುಗಳಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಅದು ಬಿಸಿ ಹೆಚ್ಚು ತಾಳಿಕೊಳ್ಳುವಂಥದ್ದು. ನನ್ನ ಕೆಲಸದಲ್ಲಿ ನಾನು ಕಂಡ ಸುಡುವಿಕೆಯೆಲ್ಲ ಗೋಡೆಯ ಸಾಕೆಟ್ಟಿನಲ್ಲಿ, ಕಾರಿನಲ್ಲಿ ಅಲ್ಲ. ಅಜ್ಜನಿಗೆ ಮಾತಿನಲ್ಲಿ ಹೇಳಬೇಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ತೋರಿಸಿ. ಟಕ್ ಅಂತ ಕರೆಂಟು ಹೋಗೋದನ್ನು ಕಣ್ಣಲ್ಲಿ ಕಂಡರೆ ಧೈರ್ಯ ಬರ್ತದೆ.

ಅಂಕೋಲೆ ಅಕ್ಕೋರು

ಆರು ವಾರ ಕಳೆದ ಮೇಲೆ ಬರೀತಾ ಇದ್ದೇನೆ. ಕಾಜುಬಾಗದ ಆ ಮನೆಯೇ ಆಯ್ತು!

ನಮ್ಮ ಪರಿಚಯದ ವೈರ್‌ಮನ್ ಒಬ್ಬರನ್ನು ಕರ್ಕೊಂಡು ಎರಡನೇ ಸಲ ಹೋದೆ. ಚಾರ್ಜರ್ ಹಾಕಿದರೆ ಕೆಂಪು ದೀಪ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 34 ವೋಲ್ಟ್. ಹಿತ್ತಲಿನ ಅರ್ಥ್ ಗುಂಡಿ ತೆಗೆದು ನೋಡಿದರೆ ತಂತಿ ಉಪ್ಪು ತಿಂದು ದಾರದ ಹಾಗೆ ಆಗಿತ್ತು, ಕೈಯಲ್ಲಿ ಹಿಡಿದರೆ ಮುರಿಯಿತು. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ವರ್ಷ ನಾವು ಇದನ್ನು ನಂಬಿ ಗ್ರೈಂಡರ್ ಹಾಕ್ತಿದ್ದೆವಾ" ಅಂದರು. ಹೊಸ ಗುಂಡಿಯ ಖರ್ಚು ತಾವೇ ಕೊಟ್ಟರು, ಅದು ಮನೆಗೆ ಬೇಕಾದದ್ದು ಅಂತ. ಮೀಟರಿನಿಂದ ಪಾರ್ಕಿಂಗಿಗೆ 18 ಮೀಟರ್ ಲೈನು, ಡಬ್ಬಿ, ಸಾಕೆಟ್ ನನ್ನ ಖರ್ಚು. ಲೋಡ್ 2ರಿಂದ 5 ಕಿಲೋವಾಟಿಗೆ ಏರಿಸಲು ಅಜ್ಜನೇ ಬಂದು ಸಹಿ ಹಾಕಿದರು. ಬೇರೆ ಮೀಟರಿನ ವಿಚಾರ ಒಂದು ಮಳೆಗಾಲ ಕಳೆದ ಮೇಲೆ ನೋಡೋಣ ಅಂದುಕೊಂಡಿದ್ದೇವೆ.

ಕರಾರಿನಲ್ಲಿ ಹೀಗೆ ಬರೆಸಿದೆ, ಯಾರಿಗಾದರೂ ಉಪಯೋಗವಾದೀತು: "ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ, ತಮ್ಮ ಮನೆಯ ಮೀಟರಿನಿಂದ, ಲೈಸೆನ್ಸ್ ಇರುವ ವಿದ್ಯುತ್ ಕಂತ್ರಾಟುದಾರರ ಮೂಲಕ ವಾಹನ ಚಾರ್ಜಿಂಗ್ ಲೈನ್ ಅಳವಡಿಸಿಕೊಳ್ಳಬಹುದು. ಮನೆ ಬಿಡುವಾಗ ಲೈನನ್ನು ಹಾಗೆಯೇ ಬಿಡುವುದು ಅಥವಾ ತೆಗೆದು ಗೋಡೆ ಸರಿಪಡಿಸುವುದು ಮಾಲೀಕರ ಇಚ್ಛೆಯಂತೆ. ಇದಕ್ಕಾಗಿ ಪ್ರತ್ಯೇಕ ಬಾಡಿಗೆ ಇರುವುದಿಲ್ಲ."

ಮೊದಲ ತಿಂಗಳು ಮನೆ, ಕಾರು ಸೇರಿ 308 ಯೂನಿಟ್. ಸೊನ್ನೆ ಬಿಲ್ಲು ಹೋಯ್ತು, ಆದರೆ ಪೆಟ್ರೋಲ್ ಕಾರಿದ್ದಾಗ ತಿಂಗಳಿಗೆ ಸುರಿಯುತ್ತಿದ್ದ ದುಡ್ಡು ನೆನೆದರೆ ಬೇಸರ ಇಲ್ಲ. ದಿನಕ್ಕೆ ಮೂರು-ಮೂರೂವರೆ ತಾಸು ಚಾರ್ಜ್ ಮಾಡಿದರೆ ಮರುದಿನಕ್ಕೆ ಸಾಕಾಗ್ತದೆ.

ಶಿರಸಿ ವೈರ್‌ಮನ್

ಬಹಳ ಸಂತೋಷ ಅಕ್ಕೋರೆ. ಮೊದಲ ತಿಂಗಳು ಚಾರ್ಜ್ ಶುರುವಾಗಿ ಒಂದು ತಾಸಿನ ನಂತರ ಸ್ವಿಚ್ ಆರಿಸಿ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಅವತ್ತೇ ವೈರ್‌ಮನ್‌ಗೆ ಫೋನ್ ಮಾಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಸ್ಕ್ರೂ ಬಿಗಿ ಮಾಡಿಸಿ, ಕಿಲುಬು ತೆಗೆಸಿ.

ಅಂಕೋಲೆ ಅಕ್ಕೋರು

ಮುಟ್ಟಿ ನೋಡುವ ಕೆಲಸ ಅಜ್ಜ ತಾವೇ ವಹಿಸಿಕೊಂಡಿದ್ದಾರೆ ಅಣ್ಣಾ. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಪಾರ್ಕಿಂಗಿಗೆ ಬರ್ತಾರೆ. ನಿನ್ನೆಯೂ ಬಂದು ನೋಡಿ, "ಬೆಚ್ಚಗೂ ಇಲ್ಲ ಮಗಾ, ನೀನು ಮಲಗು" ಅಂದು ಹೋದರು.